ಮಂಗನ ಮಿದುಳಿನ ದಾರಿಗಳು

ಈ ಸಲದ ಕಾಗದಗಳಲ್ಲಿ ಹಲವು ಬೆಂಗಳೂರಿನ ಅಂಚಿನಿಂದ ಬಂದಿವೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ. ಬರೆದವರ ಕೆಲಸ ಬೇರೆ, ಭಯ ಬೇರೆ. ಆದರೂ ಓದುತ್ತ ಹೋದಂತೆ ಎಲ್ಲದರಲ್ಲೂ ಎಲ್ಲೋ ಒಂದು ಕಡೆ ಮಂಗ ಬಂದು ಕೂತಿರುವುದು ಕಂಡಿತು. ಇದು ಆಕಸ್ಮಿಕವೇನಲ್ಲ. ನಮ್ಮ ನರಗಳು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತವೆ ಎಂದು ವೈದ್ಯರಿಗೆ ಇವತ್ತು ತಿಳಿದಿರುವುದರಲ್ಲಿ ದೊಡ್ಡ ಪಾಲು ಮಂಗಗಳಿಂದ ಕಲಿತದ್ದು. ಅಂಥ ಐದು ಕಾಗದಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿದ್ದೇವೆ. ಬಾಲ್ಕನಿಗೆ ಮಂಗಗಳು ಬರುತ್ತವೆ. ಎಂಟು ವರ್ಷದ ಮಗನ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುವಾಗ ಒಂದು ಮಂಗ ಮುಂಗೈಗೆ ಪರಚಿತು. ರಕ್ತ ಬಂತು. ಅರಿಶಿನ ಹಚ್ಚಿದೆ. ಮಂಗನ ನರವೂ ನಮ್ಮ ನರವೂ ಒಂದೇ ಥರ, ಅದರ ವಿಷ ನೇರ ಮಿದುಳಿಗೆ ಏರುತ್ತದೆ ಎಂದು ಪಕ್ಕದ ಮನೆಯವರು ಹೇಳಿದಾಗಿನಿಂದ ಊಟ ಸೇರುತ್ತಿಲ್ಲ. ಇವತ್ತಿಗೆ ಮೂರು ದಿನ. ತಡವಾಯಿತೇ?
– ಗೃಹಿಣಿ, ಎಲೆಕ್ಟ್ರಾನಿಕ್ ಸಿಟಿ

ತಡವಾಗಿಲ್ಲಮ್ಮ. ನಿಮ್ಮ ಕಾಗದ ಸಿಕ್ಕಿದ ದಿನವೇ ಇಷ್ಟನ್ನು ನಿಮಗೆ ತಿಳಿಸಿದ್ದೇವೆ. ಬೇರೆ ಮನೆಗಳಲ್ಲೂ ಹೀಗಾಗುತ್ತಿರುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನೀವು ಹೆದರಿದ್ದು ರೇಬೀಸ್‌ಗೆ (ಹುಚ್ಚುನಾಯಿ ಕಚ್ಚಿದರೆ ಬರುವ ಮಿದುಳಿನ ಸೋಂಕು). ಹೆದರಿದ್ದು ಸರಿ, ಅದು ಹೆದರಬೇಕಾದ ಕಾಯಿಲೆಯೇ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಉಳಿದವರು ತೀರಾ ವಿರಳ. ಆದರೆ ಲಕ್ಷಣಗಳು ಬರುವ ಮೊದಲು ಸರಿಯಾಗಿ ಲಸಿಕೆ ಕೊಟ್ಟರೆ ಇಷ್ಟು ಖಚಿತವಾಗಿ ತಡೆಯಬಹುದಾದ ಕಾಯಿಲೆಗಳೂ ಕಡಿಮೆ. ನಮ್ಮ ದೇಶದಲ್ಲಿ ಇದು ಹರಡುವುದು ಹೆಚ್ಚಾಗಿ ನಾಯಿಗಳಿಂದ. ಮಂಗಗಳಲ್ಲಿ ಅಪರೂಪ. ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ, ಹಾಗಾಗಿ ಲಸಿಕೆ ಬಿಡುವಂತಿಲ್ಲ.

ನಿಮ್ಮ ನೆರೆಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ರೇಬೀಸ್ ವೈರಾಣು ರಕ್ತದಲ್ಲಿ ತೇಲಿಕೊಂಡು ಮಿದುಳಿಗೆ ಹೋಗುವುದಿಲ್ಲ, ನರದ ಒಳಗೇ ಹತ್ತಿಕೊಂಡು ಹೋಗುತ್ತದೆ. ಗಾಯದ ಜಾಗದಲ್ಲಿ ನರದ ತುದಿಯನ್ನು ಹಿಡಿದು, ಆಕ್ಸಾನ್ (ನರಕೋಶದಿಂದ ಹೊರಡುವ ಉದ್ದನೆಯ ಎಳೆ) ಒಳಗೆ ಹಿಮ್ಮುಖವಾಗಿ ಸಾಗಿ, ಬೆನ್ನುಹುರಿಗೆ ಬಂದು, ಅಲ್ಲಿಂದ ಮುಂದಿನ ನರಕೋಶಕ್ಕೆ ದಾಟುತ್ತದೆ. ಒಂದು ಕೋಶದಿಂದ ಅದಕ್ಕೆ ಜೋಡಣೆಯಿರುವ ಇನ್ನೊಂದಕ್ಕೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ‘ನೇರ’ ಎಂದಿದ್ದು ಮಾತ್ರ ತಪ್ಪು. ಈ ಪ್ರಯಾಣಕ್ಕೆ ಕಾಲ ಹಿಡಿಯುತ್ತದೆ. ಸಾಮಾನ್ಯವಾಗಿ ಲಕ್ಷಣಗಳು ಕಾಣಿಸಿಕೊಳ್ಳುವುದು ಎರಡು ಮೂರು ತಿಂಗಳಿಗೆ. ಕೆಲವರಲ್ಲಿ ಅದಕ್ಕಿಂತ ಬೇಗ, ಕೆಲವರಲ್ಲಿ ಬಹಳ ತಡ. ಲಸಿಕೆ ಕೆಲಸ ಮಾಡುವುದು ಈ ಅವಧಿಯಲ್ಲೇ.

ಈ ವೈರಾಣುವಿನ ಹಠದ ನಡಿಗೆಯನ್ನೇ ವಿಜ್ಞಾನಿಗಳು ದಾರಿ ಹುಡುಕುವ ಉಪಕರಣ ಮಾಡಿಕೊಂಡರು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪೀಟರ್ ಸ್ಟ್ರಿಕ್ ಅವರ ತಂಡ ಮಂಗಗಳ ಬೆರಳು ಆಡಿಸುವ ಸ್ನಾಯುಗಳಿಗೆ ರೇಬೀಸ್ ವೈರಾಣುವನ್ನು ಚುಚ್ಚಿ, ಅದು ಬೆನ್ನುಹುರಿ ಹತ್ತಿ ಮಿದುಳಿನ ಯಾವ ಕೋಶಗಳನ್ನು ತಲುಪುತ್ತದೆ ಎಂದು ಪತ್ತೆ ಮಾಡಿತು. 2006ರಲ್ಲಿ ಪ್ರಕಟವಾದ ಕೆಲಸ ಅದು. ಬೆರಳಿಗೂ ಮಿದುಳಿಗೂ ನಡುವೆ ಯಾವ ಯಾವ ಎಳೆಗಳಿವೆ ಎಂಬ ನಕ್ಷೆ ಹಾಗೆ ಸ್ಪಷ್ಟವಾಯಿತು. ನಿಮಗೆ ದಿಗಿಲು ಹುಟ್ಟಿಸಿದ ದಾರಿ ಯಾವುದೋ, ಪಾರ್ಶ್ವವಾಯು ಆದವರ ಬೆರಳು ಯಾಕೆ ಆಡುವುದಿಲ್ಲ ಎಂದು ನಮಗೆ ಅರ್ಥ ಮಾಡಿಸಿದ ದಾರಿಯೂ ಅದೇ.

ಈಗ ಮಾಡಬೇಕಾದ್ದು. ಪರಚಿದ ಕೂಡಲೇ ಹರಿಯುವ ನಲ್ಲಿ ನೀರಿನ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಹದಿನೈದು ನಿಮಿಷ ನಾವು ಅಂದುಕೊಂಡದ್ದಕ್ಕಿಂತ ಉದ್ದ. ಆಗ ತೊಳೆಯದಿದ್ದರೆ ಈಗಲಾದರೂ ತೊಳೆಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಆಮೇಲೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬಂದ ಗಾಯವಾದ್ದರಿಂದ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ (ವೈರಾಣುವನ್ನು ತಕ್ಷಣ ಹಿಡಿಯುವ ಸಿದ್ಧ ರಕ್ಷಣಾಂಶ) ಗಾಯದ ಸುತ್ತ ಕೊಡಬೇಕಾಗುತ್ತದೆ. ನೀವಾಗಿಯೇ ಕೇಳಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ವಿಚಾರಿಸಿ. ಹತ್ತು ದಿನ ಪ್ರಾಣಿಯನ್ನು ಗಮನಿಸಿ ನೋಡೋಣ ಎಂಬ ಮಾತು ನಾಯಿ, ಬೆಕ್ಕಿಗೆ ಮಾತ್ರ ಅನ್ವಯಿಸುತ್ತದೆ, ಮಂಗಕ್ಕಲ್ಲ.

ಮನೆಯ ಹಿರಿಯರು ಹೊಕ್ಕುಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಮಗುವನ್ನು ಹೆದರಿಸಿದ್ದಾರೆಂದೂ ಬರೆದಿದ್ದೀರಿ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಾಲದ ನೆನಪು. ಅದು ನಿಂತು ವರ್ಷಗಳೇ ಆದವು. ಈಗ ತೋಳಿಗೆ, ಒಂದು ತಿಂಗಳ ಅವಧಿಯಲ್ಲಿ ನಾಲ್ಕೋ ಐದೋ ಭೇಟಿ. ಒಂದನ್ನೂ ತಪ್ಪಿಸಬೇಡಿ. ಎರಡನೆಯದಾದ ಮೇಲೆ ಗಾಯ ಮಾಗಿರುತ್ತದೆ, ಶಾಲೆಯ ಪರೀಕ್ಷೆ ಬಂದಿರುತ್ತದೆ, ಬಿಟ್ಟುಬಿಡುವವರು ಬಹಳ ಮಂದಿ.

ಪೀಣ್ಯದಲ್ಲಿ ಪವರ್ ಪ್ರೆಸ್ ಕೆಲಸ. ಐದು ತಿಂಗಳ ಹಿಂದೆ ಶೀಟು ಜಾರಿ ಬಲ ಮಣಿಕಟ್ಟು ಕೊಯ್ದು ನರ ತುಂಡಾಯಿತು. ನರ ಸೇರಿಸಿ ಹೊಲಿದರು. ಗಾಯ ಮಾಗಿದೆ, ಬೆರಳು ಮಡಚಬಲ್ಲೆ. ಆದರೆ ತೋರುಬೆರಳು ಮುಟ್ಟಿದರೆ ನಡುಬೆರಳು ಮುಟ್ಟಿದ ಹಾಗಾಗುತ್ತದೆ. ರಾತ್ರಿ ಕರೆಂಟ್ ಹೊಡೆದಂತೆ ಜುಮ್ಮೆನ್ನುತ್ತದೆ. ಮಿದುಳಿನ ವೈರು ತಪ್ಪಾಗಿ ಕೂಡಿದೆ, ಇನ್ನು ಸರಿಹೋಗಲ್ಲ ಅನ್ನುತ್ತಾರೆ. ನನಗೆ ಮೂವತ್ತೆಂಟು. ಈ ಕೈ ಮುಂದೆ ಕೆಲಸಕ್ಕೆ ಬರುತ್ತದೆಯೇ?
– ಪ್ರೆಸ್ ಆಪರೇಟರ್, ಪೀಣ್ಯ ಎರಡನೇ ಹಂತ

ಕೈ ಕೆಲಸಕ್ಕೆ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ನೀವು ಹೇಳಿದ ಎರಡೂ ಲಕ್ಷಣ ಕೇಳಿ ನನಗೆ ಆತಂಕವಾಗಲಿಲ್ಲ, ಸಮಾಧಾನವಾಯಿತು. ಜುಮ್ಮೆನ್ನುವುದು ನರ ಬೆಳೆಯುತ್ತಿರುವುದರ ಗುರುತು.

ಲೆಕ್ಕ ಹಾಕಿ ನೋಡೋಣ. ಕೈಕಾಲಿನ ನರ ತುಂಡಾಗಿ ಹೊಲಿದರೆ, ತುಂಡಿನಿಂದ ಆಚೆಗಿದ್ದ ಹಳೆಯ ಎಳೆಗಳು ಸಾಯುತ್ತವೆ. ಈಚೆಯಿಂದ ಹೊಸ ಎಳೆಗಳು ಚಿಗುರುತ್ತವೆ, ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಿನಿಂದ ತೋರುಬೆರಳ ತುದಿಗೆ ಹದಿನೇಳು ಹದಿನೆಂಟು ಸೆಂಟಿಮೀಟರ್ ಇರುತ್ತದೆ. ಅಂದರೆ ಆರು ತಿಂಗಳು, ಚಿಗುರಲು ತೆಗೆದುಕೊಳ್ಳುವ ಕೆಲವು ವಾರ ಬೇರೆ. ನೀವು ಇನ್ನೂ ಐದನೇ ತಿಂಗಳಲ್ಲಿದ್ದೀರಿ. ಬೆಳೆ ಇನ್ನೂ ಹೊಲದಲ್ಲಿದೆ.

ತೋರುಬೆರಳು ಮುಟ್ಟಿದರೆ ನಡುಬೆರಳು ಎನ್ನಿಸುವುದು ಯಾಕೆ? ಹೊಲಿಯುವಾಗ ವೈದ್ಯರು ನರವನ್ನು ಹಗ್ಗದ ಹಾಗೆ ಎದುರುಬದುರು ಕೂಡಿಸಬಲ್ಲರು. ಒಳಗಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಅದರದರ ಜೋಡಿಗೆ ಸೇರಿಸುವುದು ಯಾರಿಂದಲೂ ಆಗದು. ಮೊದಲು ನಡುಬೆರಳಿನ ಸುದ್ದಿ ಒಯ್ಯುತ್ತಿದ್ದ ಎಳೆ ಈಗ ತೋರುಬೆರಳಿಗೆ ಹೋಗಿ ಸೇರಿರಬಹುದು. ಮಿದುಳಿಗೆ ಇದು ಗೊತ್ತಿಲ್ಲ. ಅದು ಹಳೆಯ ಲೆಕ್ಕದಲ್ಲೇ ‘ನಡುಬೆರಳು’ ಎಂದು ಓದುತ್ತದೆ. ಅಂದಮೇಲೆ ಅದಲುಬದಲಾದದ್ದು ಮಣಿಕಟ್ಟಿನಲ್ಲಿ. ಮಿದುಳಿನ ಯಾವ ವೈರೂ ತಪ್ಪಾಗಿ ಕೂಡಿಲ್ಲ.

ಈ ಸಂಗತಿ ನಮಗೆ ಸರಿಯಾಗಿ ಅರ್ಥವಾದದ್ದು ಔಲ್ ಮಂಕಿ ಎಂಬ ದಕ್ಷಿಣ ಅಮೆರಿಕದ ಪುಟ್ಟ ಮಂಗಗಳಿಂದ. 1980ರ ದಶಕದಲ್ಲಿ ಮೈಕೆಲ್ ಮರ್ಜೆನಿಕ್, ಜಾನ್ ಕಾಸ್ ಮತ್ತು ಅವರ ಜೊತೆಗಾರರು ಅವುಗಳ ಮಿದುಳಿನಲ್ಲಿ ಒಂದೊಂದು ಬೆರಳಿಗೂ ಮೀಸಲಾದ ಜಾಗವನ್ನು ಗುರುತು ಹಾಕಿದರು. ಪಕ್ಕಪಕ್ಕದಲ್ಲಿ ಅಂಗಡಿ ಸಾಲಿನಂತೆ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ. ಒಂದು ಬೆರಳಿಲ್ಲವಾದಾಗ ಅದರ ಜಾಗ ಖಾಲಿ ಬೀಳಲಿಲ್ಲ. ಕೆಲವೇ ತಿಂಗಳಲ್ಲಿ ಅಕ್ಕಪಕ್ಕದ ಬೆರಳುಗಳು ಅಲ್ಲಿಗೆ ಹರಡಿಕೊಂಡವು. ನಿಮ್ಮಂತೆಯೇ ಮಣಿಕಟ್ಟಿನ ಬಳಿಯ ನರ ತುಂಡಾಗಿ ಹೊಲಿಸಿಕೊಂಡ ಮಂಗಗಳಲ್ಲಿ ಆ ಅಂಗಡಿ ಸಾಲು ಚೆಲ್ಲಾಪಿಲ್ಲಿಯಾಗಿ ಕಂಡಿತು. ಬೆಳೆದ ಪ್ರಾಣಿಯ ಮಿದುಳಿನ ಜೋಡಣೆ ಕಲ್ಲಿನಲ್ಲಿ ಕೊರೆದದ್ದು ಎಂದು ಅದುವರೆಗೆ ನಂಬಿದ್ದವರು ಬಹಳ ಜನ. ಹಾಗಲ್ಲ, ಅದು ಬಳಕೆಗೆ ತಕ್ಕಂತೆ ಬದಲಾಗುತ್ತದೆ ಎಂದು ತಿಳಿದದ್ದು ಹೀಗೆ.

ಬದಲಾಗುವುದಾದರೆ ಅದಕ್ಕೆ ಕಲಿಸಲೂಬಹುದು. ಇದಕ್ಕೆ ಸ್ಪರ್ಶದ ಮರುಕಲಿಕೆ (ಮುಟ್ಟಿದ್ದನ್ನು ಮಿದುಳು ಹೊಸದಾಗಿ ಗುರುತಿಸಲು ಮಾಡುವ ಅಭ್ಯಾಸ) ಎನ್ನುತ್ತೇವೆ. ದಿನಕ್ಕೆ ನಾಲ್ಕು ಸಲ, ಹತ್ತು ಹತ್ತು ನಿಮಿಷ, ಗದ್ದಲವಿಲ್ಲದ ಜಾಗದಲ್ಲಿ ಕೂತುಕೊಳ್ಳಿ. ಪೆನ್ಸಿಲಿನ ಹಿಂಬದಿಯಿಂದ ತೋರುಬೆರಳನ್ನು ಮೆಲ್ಲಗೆ ಒತ್ತಿ, ಕಣ್ಣಿಟ್ಟು ನೋಡಿ, ‘ಇದು ತೋರುಬೆರಳು’ ಎಂದು ಬಾಯಿಬಿಟ್ಟು ಹೇಳಿ. ಆಮೇಲೆ ಕಣ್ಣು ಮುಚ್ಚಿ ಅದನ್ನೇ ಮಾಡಿ. ತಪ್ಪಿದರೆ ಕಣ್ಣು ತೆರೆದು ನೋಡಿ ತಿದ್ದಿಕೊಳ್ಳಿ. ತುದಿಗೆ ಸ್ಪರ್ಶ ಬಂದ ಮೇಲೆ ಮೂರು ಬಟ್ಟಲು ಇಡಿ. ಒಂದರಲ್ಲಿ ರಾಗಿ, ಒಂದರಲ್ಲಿ ಅಕ್ಕಿ, ಒಂದರಲ್ಲಿ ಹುರುಳಿ. ಕಣ್ಣು ಮುಚ್ಚಿ ಬೆರಳಾಡಿಸಿ ಯಾವುದೆಂದು ಹೇಳಬೇಕು.

ನನ್ನ ಬಳಿ ಬರುತ್ತಿದ್ದ ಒಬ್ಬ ಟರ್ನರ್ ಇದನ್ನು ಮಗಳ ಜೊತೆ ಆಟವಾಗಿ ಮಾಡುತ್ತಿದ್ದರು. ಅವಳು ಬಟ್ಟಲು ಅದಲುಬದಲು ಮಾಡುವಳು, ಇವರು ಹೇಳಬೇಕು. ಮೊದಲ ತಿಂಗಳು ರಾಗಿಗೂ ಅಕ್ಕಿಗೂ ವ್ಯತ್ಯಾಸವೇ ತಿಳಿಯದೆ ಕಣ್ಣಲ್ಲಿ ನೀರು ಹಾಕಿಕೊಂಡಿದ್ದರು. ಒಂದು ವರ್ಷದ ಹೊತ್ತಿಗೆ ಜೇಬಿನೊಳಗೆ ಕೈ ಹಾಕಿ ಒಂದು ರೂಪಾಯಿ ಯಾವುದು, ಎರಡು ರೂಪಾಯಿ ಯಾವುದು ಎಂದು ನೋಡದೆ ತೆಗೆದುಕೊಡುತ್ತಿದ್ದರು. ಮೊದಲಿನಷ್ಟೇ ಚುರುಕಾಯಿತೆಂದು ನಾನು ಹೇಳುವುದಿಲ್ಲ. ದೊಡ್ಡವರಲ್ಲಿ ಪೂರ್ತಿ ಮೊದಲಿನಂತಾಗುವುದು ಕಡಿಮೆ. ಕೆಲಸಕ್ಕೆ ಸಾಲುವಷ್ಟಾಯಿತು.

ಒಂದು ಎಚ್ಚರಿಕೆ. ಸ್ಪರ್ಶ ಪೂರ್ತಿ ಬರುವವರೆಗೆ ಆ ಬೆರಳಿಗೆ ಬಿಸಿ ಸರಿಯಾಗಿ ಗೊತ್ತಾಗದಿರಬಹುದು. ಟೀ ಲೋಟ ಎಡಗೈಯಲ್ಲಿ ಹಿಡಿಯಿರಿ. ಪ್ರೆಸ್ಸಿಗೆ ಮರಳುವ ಮುನ್ನ ವೈದ್ಯರಿಂದ ಕೈ ಪರೀಕ್ಷೆ ಮಾಡಿಸಿ, ಗಾರ್ಡ್ ಇಲ್ಲದ ಯಂತ್ರದ ಮುಂದೆ ಕೂರಬೇಡಿ. ಇಎಸ್‌ಐ ಕಾರ್ಡ್ ಇದ್ದರೆ ಫಿಸಿಯೋಥೆರಪಿ ಅಲ್ಲೇ ಸಿಗುತ್ತದೆ. ಕೆಲಸದ ವೇಳೆಯ ಗಾಯಕ್ಕೆ ಸಿಗುವ ಪರಿಹಾರದ ಅರ್ಜಿಯನ್ನೂ ಕೇಳಿ ಪಡೆಯಿರಿ.

ಅಪ್ಪನಿಗೆ ಎಪ್ಪತ್ತೆರಡು. ತಲೆಸುತ್ತು ಎಂದು ಎಂಆರ್‌ಐ ಮಾಡಿಸಿದೆವು. ವರದಿಯಲ್ಲಿ ವೈಟ್ ಮ್ಯಾಟರ್‌ನಲ್ಲಿ ಬದಲಾವಣೆ ಎಂದಿದೆ. ನೆಟ್‌ನಲ್ಲಿ ಹುಡುಕಿದೆ, ಡಿಮೆನ್ಷಿಯಾ ಎಂದು ಬಂತು. ಅಪ್ಪನಿಗೆ ಹೇಳಲು ಧೈರ್ಯವಿಲ್ಲ.
– ಟೆಸ್ಟಿಂಗ್ ಎಂಜಿನಿಯರ್, ವೈಟ್‌ಫೀಲ್ಡ್

ಆ ಒಂದು ಸಾಲಿನಿಂದ ಡಿಮೆನ್ಷಿಯಾ (ನೆನಪು, ವಿವೇಚನೆ ಕುಂದುತ್ತ ಹೋಗುವ ಕಾಯಿಲೆ) ಎಂದು ಯಾರೂ ಹೇಳಲಾರರು. ಅರವತ್ತು ದಾಟಿದವರ ಎಂಆರ್‌ಐಗಳಲ್ಲಿ ಈ ಮಾತು ಎಷ್ಟು ಸಾಮಾನ್ಯವೆಂದರೆ, ಕೂದಲು ನರೆತಿದೆ ಎಂದು ಬರೆದ ಹಾಗೆ.

ವೈಟ್ ಮ್ಯಾಟರ್ ಎಂದರೆ ಮಿದುಳಿನ ಬಿಳಿಭಾಗ, ಅಂದರೆ ನರತಂತುಗಳ ಕಟ್ಟುಗಳು. ಬಿಳಿಯಾಗಿ ಕಾಣುವುದು ಮಯಲಿನ್‌ನಿಂದ (ತಂತುವಿನ ಸುತ್ತ ಇರುವ ಕೊಬ್ಬಿನ ಹೊದಿಕೆ). ಇಪ್ಪತ್ತರ ಹರೆಯದವರ ಮಿದುಳಿನಲ್ಲಿ ಈ ಹೊದಿಕೆಯುಳ್ಳ ತಂತುಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಒಂದೂವರೆ ಲಕ್ಷ ಕಿಲೋಮೀಟರಿನಷ್ಟೋ ಅದಕ್ಕಿಂತ ಹೆಚ್ಚೋ ಆಗುತ್ತದೆ ಎಂದು ಡೆನ್ಮಾರ್ಕಿನವರು 2003ರಲ್ಲಿ ಲೆಕ್ಕ ಹಾಕಿದರು. ವಯಸ್ಸಾದಂತೆ ಅದು ಸವೆಯುತ್ತದೆ. ಮುದಿ ಮಂಗಗಳಲ್ಲೂ ಸವೆಯುತ್ತದೆ. ಬಾಸ್ಟನ್ನಿನ ಅಲನ್ ಪೀಟರ್ಸ್ ಅದನ್ನು ವರ್ಷಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ನೋಡಿ ದಾಖಲಿಸಿದ್ದಾರೆ. ಸವೆತವನ್ನು ಬೇಗ ಮಾಡುವುದು ರಕ್ತದೊತ್ತಡ, ಸಕ್ಕರೆ, ಹೊಗೆಸೊಪ್ಪು. ಈ ಮೂರೂ ನಮ್ಮ ಕೈಯಲ್ಲಿವೆ.

ಈ ಕಟ್ಟುಗಳನ್ನು ಬದುಕಿರುವವರಲ್ಲೇ ಕಾಣಬಹುದಾದದ್ದು ಡಿಫ್ಯೂಷನ್ ಎಂಆರ್‌ಐ ಬಂದ ಮೇಲೆ. ಉತ್ತ ಹೊಲದಲ್ಲಿ ಮಳೆನೀರು ಸಾಲಿನ ಉದ್ದಕ್ಕೆ ಸಲೀಸಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿಯುವುದು ಕಷ್ಟ. ಮಿದುಳಿನ ನೀರಿನಂಶವೂ ತಂತುಗಳ ಉದ್ದಕ್ಕೆ ಹಾಗೆಯೇ ಚಲಿಸುತ್ತದೆ. ಅದನ್ನು ಅಳೆದು ಸಾಲು ಯಾವ ಕಡೆಗಿದೆ ಎಂದು ಕಂಪ್ಯೂಟರ್ ಊಹಿಸುತ್ತದೆ. ಊಹೆಯಲ್ಲಿ ಸುಳ್ಳು ಸಾಲುಗಳೂ ಸೇರಿಕೊಳ್ಳುತ್ತವೆ. ಅವನ್ನು ಕಳೆ ಕಿತ್ತಂತೆ ತೆಗೆದುಹಾಕುವ ಒಂದು ವಿಧಾನವನ್ನು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ದೇವರಾಜನ್ ಶ್ರೀಧರನ್ ಅವರ ತಂಡ 2022ರಲ್ಲಿ ಪ್ರಕಟಿಸಿತು. ಹಿಂದಿನ ವಿಧಾನಗಳಿಗಿಂತ 150 ಪಟ್ಟು ವೇಗ. ನಿಮ್ಮ ವೃತ್ತಿಯವರಿಗೆ ಅದರ ಬೆಲೆ ನನಗಿಂತ ಚೆನ್ನಾಗಿ ತಿಳಿಯುತ್ತದೆ. ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಹಳ್ಳಿಯ ಹಿರಿಯರ ಮಿದುಳಿನ ಆರೋಗ್ಯವನ್ನು ವರ್ಷದಿಂದ ವರ್ಷಕ್ಕೆ ನೋಡುತ್ತಿದ್ದಾರೆ. ನಮ್ಮವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ನಮ್ಮವರಿಂದಲೇ ತಿಳಿಯಬೇಕಲ್ಲವೇ?

ಅಪ್ಪನಿಗೆ ವರದಿಯನ್ನು ಮುಚ್ಚಿಡಬೇಡಿ. ಅದನ್ನು ಹಿಡಿದು ಇಬ್ಬರೂ ಒಟ್ಟಿಗೆ ವೈದ್ಯರ ಮುಂದೆ ಕೂರಿ. ನಡಿಗೆಯಲ್ಲಿ, ಲೆಕ್ಕಾಚಾರದಲ್ಲಿ, ದಾರಿ ನೆನಪಿಡುವುದರಲ್ಲಿ ಈಚೆಗೆ ಬದಲಾವಣೆ ಕಂಡಿದ್ದರೆ ಹೇಳಿ. ಬಿಪಿ ನೋಡಿಸಿ.

ಚಿಪ್ ವಿನ್ಯಾಸದ ಕೆಲಸದಲ್ಲಿದ್ದೇನೆ. ಮಂಗನ ಮಿದುಳಿನ ವೈರಿಂಗ್ ನಕ್ಷೆ ಆಗಲೇ ಸಿದ್ಧವಾಗಿದೆ, ಅದನ್ನು ನೋಡಿ ಮಿದುಳಿನಂಥ ಚಿಪ್ ಮಾಡಿದ್ದಾರೆ, ಮುಂದೆ ಮನುಷ್ಯನದು ಎನ್ನುತ್ತಾರೆ. ಆಗ ನಮ್ಮಂಥವರು ಯಾಕೆ ಬೇಕು? ಮೂರು ವಾರದಿಂದ ನಿದ್ದೆ ಇಲ್ಲ.
– ಹಾರ್ಡ್‌ವೇರ್ ಎಂಜಿನಿಯರ್, ವೈಟ್‌ಫೀಲ್ಡ್

ಮನೆಯ ಕಂತು, ಮಕ್ಕಳ ಶಾಲೆ ಎಲ್ಲ ಹೆಗಲ ಮೇಲಿರುವಾಗ ಈ ಯೋಚನೆ ಬರುವುದು ಸಹಜ. ಉದ್ಯೋಗ ಮಾರುಕಟ್ಟೆಯ ಮಾತು ನನ್ನ ವಿದ್ಯೆಗೆ ಸೇರಿದ್ದಲ್ಲ. ನಕ್ಷೆಯ ಮಾತು ಹೇಳಬಲ್ಲೆ.

ನೀವು ಕೇಳಿದ ನಕ್ಷೆ ಬಹುಶಃ 2010ರದು. ಐಬಿಎಂನ ಧರ್ಮೇಂದ್ರ ಮೋಧಾ ಮತ್ತು ರಾಘವೇಂದ್ರ ಸಿಂಗ್ ಹಿಂದಿನ ನೂರಾರು ಅಧ್ಯಯನಗಳನ್ನು ಒಟ್ಟು ಮಾಡಿ ಮಕಾಕ್ ಮಂಗದ ಮಿದುಳಿನ 383 ಪ್ರದೇಶಗಳ ನಡುವಿನ 6,602 ದೂರದ ಜೋಡಣೆಗಳನ್ನು ಪಟ್ಟಿ ಮಾಡಿದರು. ಬಹುಪಾಲು ದಾರಿಗಳು ಸೇರುವ ಒಂದು ಬಿಗಿಯಾದ ನಡುಭಾಗ ಅದರಲ್ಲಿ ಕಂಡಿತು, ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ ಇದ್ದಹಾಗೆ. ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಅದರಲ್ಲಿ ದೊಡ್ಡ ಪಾತ್ರ. 2014ರಲ್ಲಿ ಮೋಧಾ ಅವರ ತಂಡದ ಟ್ರೂನಾರ್ತ್ ಚಿಪ್ ಬಂತು. ಅದರಲ್ಲಿ 10 ಲಕ್ಷ ಕೃತಕ ನರಕೋಶಗಳು. ನಿಮ್ಮ ತಲೆಯಲ್ಲಿರುವುದು ಸುಮಾರು 8,600 ಕೋಟಿ, ಮಕಾಕ್ ಮಂಗದಲ್ಲೇ 600 ಕೋಟಿಗೂ ಹೆಚ್ಚು.

ಎಣಿಕೆಗಿಂತ ದೊಡ್ಡ ವಿಷಯ ಬೇರೆ ಇದೆ. ಸಿಲ್ಕ್ ಬೋರ್ಡಿಗೆ ಯಾವ ರಸ್ತೆಗಳು ಸೇರುತ್ತವೆ ಎಂದು ಗೊತ್ತಾದ ಮಾತ್ರಕ್ಕೆ, ಯಾವ ಬಸ್ಸಿನಲ್ಲಿ ಯಾರು ಯಾಕೆ ಹೋಗುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ರಸ್ತೆಗಳ ಪಟ್ಟಿಯಾದರೂ ಪೂರ್ತಿಯಾಗಿತ್ತೇ? 2014ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಹೆನ್ರಿ ಕೆನಡಿ ಅವರ ತಂಡ ಮಕಾಕ್ ಮಿದುಳಿನ 29 ಪ್ರದೇಶಗಳಿಗೆ ಬಣ್ಣ ಚುಚ್ಚಿ, ಬಣ್ಣ ತಲುಪಿದ ನರಕೋಶಗಳನ್ನು ಎಣಿಸಿದಾಗ 1,615 ದಾರಿಗಳು ಸಿಕ್ಕವು. ಅವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಿಂದೆ ಯಾರೂ ವರದಿ ಮಾಡದವು. ಕೆಲವು ಹೆದ್ದಾರಿಗಳು, ಕೆಲವು ಕಾಲುದಾರಿಗಳು, ನಡುವಿನ ಅಂತರ ಲಕ್ಷ ಪಟ್ಟು. ಇವತ್ತು ಮಾತನಾಡುವ, ಬರೆಯುವ ಯಂತ್ರಗಳು ಮಂಗನ ನಕ್ಷೆಯನ್ನು ನೋಡಿ ಕಟ್ಟಿದವೂ ಅಲ್ಲ.

ನನಗೆ ಹೆಚ್ಚು ಕಳವಳ ತಂದದ್ದು ನಿಮ್ಮ ನಿದ್ದೆ. ಮೂರು ವಾರ ಸಣ್ಣ ಅವಧಿಯಲ್ಲ. ರಾತ್ರಿ ಹತ್ತರ ಮೇಲೆ ಈ ಸುದ್ದಿಗಳನ್ನು ಓದಬೇಡಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಇನ್ನೆರಡು ವಾರದಲ್ಲಿ ಸರಿಹೋಗದಿದ್ದರೆ, ಅಥವಾ ಬದುಕೇ ಬೇಡ ಎನ್ನುವಂಥ ಯೋಚನೆ ಬಂದರೆ ಆ ಕ್ಷಣವೇ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಪಿಯುಸಿ ಓದುತ್ತಿದ್ದೇನೆ. ಮಿದುಳಿನ ಬಗ್ಗೆ ಓದುವ ಆಸೆ. ಮನೆಯಲ್ಲಿ ಶನಿವಾರ ಆಂಜನೇಯನ ಪೂಜೆ. ಮಂಗಗಳನ್ನು ಕೊಂದು ಕಲಿತ ವಿದ್ಯೆ, ಅದನ್ನು ಓದುವುದು ಪಾಪ ಎಂದು ಅಜ್ಜಿ ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.
– ವಿದ್ಯಾರ್ಥಿನಿ, ದಾಸರಹಳ್ಳಿ

ನಿಮಗೆ ಹಾಗನ್ನಿಸುವುದು ತಪ್ಪಲ್ಲ. ನನಗೂ ಅನ್ನಿಸಿದೆ. ಆ ಸಂಕಟ ಇರುವವರೇ ಈ ವಿದ್ಯೆಗೆ ಬರಬೇಕು.

ಅಜ್ಜಿ ಹೇಳಿದ್ದು ಸುಳ್ಳಲ್ಲ. ಬಣ್ಣ ಚುಚ್ಚಿ ಎಳೆ ಹುಡುಕುವ ಪ್ರಯೋಗಗಳಲ್ಲಿ ಕೊನೆಗೆ ಮಂಗವನ್ನು ಕೊಂದೇ ಮಿದುಳನ್ನು ನೋಡಬೇಕು. 1968ರಲ್ಲಿ ಲಾರೆನ್ಸ್ ಮತ್ತು ಕೈಪರ್ಸ್ ಎಂಬ ಇಬ್ಬರು, ಮಿದುಳಿನಿಂದ ಬೆನ್ನುಹುರಿಗಿಳಿಯುವ ಒಂದು ತಂತುಕಟ್ಟನ್ನು ಮಂಗಗಳಲ್ಲಿ ಕತ್ತರಿಸಿದರು. ಮಂಗಗಳು ಮತ್ತೆ ನಡೆದವು, ಹತ್ತಿದವು, ಜಿಗಿದವು. ಆದರೆ ಸಣ್ಣ ಗುಳಿಯಲ್ಲಿಟ್ಟ ತಿನಿಸನ್ನು ಎರಡು ಬೆರಳಿನಿಂದ ಹೆಕ್ಕಿ ತೆಗೆಯುವುದು ಮಾತ್ರ ಅವಕ್ಕೆ ಮತ್ತೆಂದೂ ಬರಲಿಲ್ಲ. ಪಾರ್ಶ್ವವಾಯುವಾದವರು ನಡೆಯಲು ಕಲಿತ ಮೇಲೂ ಅಂಗಿಯ ಗುಂಡಿ ಹಾಕಲಾರದೆ ಒದ್ದಾಡುವುದನ್ನು ನೋಡಿದಾಗಲೆಲ್ಲ ಆ ಮಂಗಗಳು ನನಗೆ ನೆನಪಾಗುತ್ತವೆ. ಅವುಗಳ ಋಣ ನಮ್ಮ ಮೇಲಿದೆ.

ದಾರಿ ಈಗ ಬದಲಾಗುತ್ತಿದೆ. ನಮ್ಮ ದೇಶದಲ್ಲಿ ಮಂಗಗಳ ಮೇಲಿನ ಪ್ರಯೋಗಕ್ಕೆ ಕೇಂದ್ರದ ಸಮಿತಿಯ ಒಪ್ಪಿಗೆ ಬೇಕು. ಡಿಫ್ಯೂಷನ್ ಎಂಆರ್‌ಐಗೆ ಯಾರನ್ನೂ ಕೊಲ್ಲಬೇಕಾಗಿಲ್ಲ. 2008ರಲ್ಲಿ ಜೇಮ್ಸ್ ರಿಲ್ಲಿಂಗ್ ಅವರ ತಂಡ ಅದೇ ವಿಧಾನದಿಂದ ಮಕಾಕ್, ಚಿಂಪಾಂಜಿ, ಮನುಷ್ಯ ಮೂವರನ್ನೂ ಹೋಲಿಸಿ, ಮಾತಿಗೆ ಬೇಕಾದ ಬಿಲ್ಲಿನಾಕಾರದ ತಂತುಕಟ್ಟು ನಮ್ಮಲ್ಲಿ ಮಾತ್ರ ಕಿವಿಯ ಬಳಿಯ ಮಿದುಳಿನ ಮೇಲ್ಭಾಗ ದಾಟಿ ಕೆಳಗಿನವರೆಗೂ ದಟ್ಟವಾಗಿ ಹರಡಿದೆ ಎಂದು ತೋರಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ಅರುಣ್ ಅವರ ತಂಡ ಮಂಗಗಳನ್ನು ಕುರ್ಚಿಗೆ ಕಟ್ಟಿಹಾಕದೆ, ಹತ್ತಿಳಿಯಲು ಜಾಗವಿರುವ ಕೋಣೆಯಲ್ಲಿ ಬಿಟ್ಟು, ಅವು ತಾವಾಗಿ ಬಂದು ಪರದೆ ಮುಟ್ಟುವಂತೆ ವ್ಯವಸ್ಥೆ ಮಾಡಿ 2021ರಲ್ಲಿ ಪ್ರಕಟಿಸಿತು. ಅಲ್ಲಿ ತರಬೇತಿಯಿಲ್ಲದ ಒಂದು ಮಂಗ, ಕಲಿತ ಮಂಗಗಳನ್ನು ನೋಡಿ ನೋಡಿಯೇ ಕೆಲಸ ಕಲಿತುಕೊಂಡಿತು. ಇನ್ನು ಬಂಡೀಪುರದಲ್ಲಿ ಅನಿಂದ್ಯ ಸಿನ್ಹ ಮತ್ತು ಜೊತೆಗಾರರು ಕೈಗೊಂಡ ಕೆಲಸಕ್ಕೆ ಹೆಚ್ಚಾಗಿ ಬೇಕಾದದ್ದು ಕಣ್ಣು ಮತ್ತು ತಾಳ್ಮೆ. ಅಲ್ಲಿನ ಮಂಗಗಳು ಜನರ ಮುಖ ನೋಡಿ, ಕೂ ಎಂದು, ಕೈ ಚಾಚಿ ತಿಂಡಿ ಬೇಡುತ್ತವೆ ಎಂಬುದನ್ನು ಅವರು 2018ರಲ್ಲಿ ವರದಿ ಮಾಡಿದರು.

ಈ ಎಲ್ಲ ದಾರಿಗಳೂ ನಿಮಗೆ ತೆರೆದಿವೆ. ಒಮ್ಮೆ ಅಜ್ಜಿಯನ್ನೂ ಕರೆದುಕೊಂಡು ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಹೋಗಿ ಬನ್ನಿ, ಯಾವ ದಿನ ತೆರೆದಿರುತ್ತದೆಂದು ಮೊದಲೇ ವಿಚಾರಿಸಿಕೊಂಡು. ಅಲ್ಲಿರುವುದು ಹೆಚ್ಚಾಗಿ ಮನುಷ್ಯರ ಮಿದುಳುಗಳು, ಬಹಳಷ್ಟು ಮನೆಯವರು ಒಪ್ಪಿ ಕೊಟ್ಟವು. ಅದನ್ನು ನೋಡಿ ಅಜ್ಜಿ ಏನೆನ್ನುತ್ತಾರೋ ನನಗೂ ಕೇಳುವ ಆಸೆ.

ಅದಕ್ಕೂ ಮೊದಲು ಇಷ್ಟು ಮಾಡಿ. ನಿಮ್ಮ ಬೀದಿಯ ಕಾಂಪೌಂಡ್ ಮೇಲೆ ಕೂರುವ, ತಲೆಯ ಮೇಲೆ ಟೋಪಿಯಿಟ್ಟಂತೆ ಕೂದಲಿರುವ ಮಂಗಗಳು ದಕ್ಷಿಣ ಭಾರತದಲ್ಲಿ ಮಾತ್ರ ಇರುವ ಜಾತಿಯವು. ತಿಂಡಿ ಕೊಡಬೇಡಿ, ಹತ್ತಿರ ಹೋಗಬೇಡಿ, ಕಿಟಕಿಯ ಹಿಂದೆ ನಿಂತು ನೋಡಿ. ನೆಲದ ಮೇಲೆ ಬಿದ್ದ ಕಡಲೆಬೀಜವನ್ನು ಎತ್ತುವಾಗ ಅದು ಹೆಬ್ಬೆರಳನ್ನು ಬಳಸುತ್ತದೆಯೇ, ತೋರುಬೆರಳಿನ ತುದಿಗೆ ತಾಗಿಸುತ್ತದೆಯೇ, ಬದಿಗೆ ತಾಗಿಸುತ್ತದೆಯೇ? ದೊಡ್ಡದು ಹೇಗೆ ಎತ್ತುತ್ತದೆ, ಮರಿ ಹೇಗೆ ಎತ್ತುತ್ತದೆ? ಹತ್ತು ದಿನ ನೋಡಿ, ಚಿತ್ರ ಬಿಡಿಸಿ ಕಳಿಸಿ. ನಾನು ಕಾಯುತ್ತಿರುತ್ತೇನೆ.